ತೆರಿಗೆ ದರ ಯಾವ ಕ್ಲಾಸಿನದು?

ಬಿಲ್ಲಿಂಗ್ ತಂತ್ರಾಂಶ ಬರೆಯುವವರಿಗೆ ಬೆಂಗಳೂರಿನ ದರ್ಶಿನಿಗಳಿಗಿಂತ ಖಡಕ್ ಪರೀಕ್ಷಕರು ಬೇರೆ ಇಲ್ಲ. ಬೆಳಿಗ್ಗೆ ಆರೂವರೆಗೇ ಗಲ್ಲಾದ ಮುಂದೆ ಸಾಲು ನಿಂತಿರುತ್ತದೆ. ಬಿಲ್ಲಿನಲ್ಲಿ ಒಂದು ರೂಪಾಯಿ ಹೆಚ್ಚು ಬಿದ್ದರೂ ನಮ್ಮ ಕಾಫಿ ಮುಗಿಯುವ ಮೊದಲೇ ಫೋನ್ ಬರುತ್ತದೆ. ನಾನಿರುವ ಪುಟ್ಟ ಕಂಪನಿ ದರ್ಶಿನಿಗಳಿಗೂ ದೊಡ್ಡ ಹೋಟೆಲುಗಳಿಗೂ ಒಂದೇ ತಂತ್ರಾಂಶ ಕೊಡುತ್ತದೆ. ಬರೆದಿರುವುದು ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಆ ಭಾಷೆಯ ಸಿದ್ಧ ಚೌಕಟ್ಟಾದ ರೈಲ್ಸ್ ಮೇಲೆ. ‘ಬಿಲ್’ ಎಂಬುದು ಮೂಲ ಕ್ಲಾಸ್, ಅಂದರೆ ಬಿಲ್‌ಗಳನ್ನು ತಯಾರಿಸುವ ಅಚ್ಚು; ಅದರ ಕೆಳಗೆ ಅದರ ಗುಣಗಳನ್ನು ಪಡೆದ, ಬಗೆಬಗೆಯ ಹೋಟೆಲುಗಳ ಸಬ್‌ಕ್ಲಾಸ್‌ಗಳು.

ತೆರಿಗೆ ದರವನ್ನು ಒಂದೊಂದು ಬಿಲ್ಲಿನೊಳಗೂ ಇಡುವುದು ದಂಡ, ಎಲ್ಲ ಬಿಲ್‌ಗಳಿಗೂ ಸೇರಿದ ಸಂಗತಿ ಅದು ಎಂದು ಹಿಂದೆ ಯಾರೋ ಯೋಚಿಸಿ ಅದನ್ನು ಕ್ಲಾಸಿನ ಮಟ್ಟದಲ್ಲಿ ಇಟ್ಟಿದ್ದರು. ಅದನ್ನು ಓದುವ, ಬದಲಿಸುವ ಮೆಥಡ್‌ಗಳನ್ನು (ಒಂದೊಂದು ಕೆಲಸ ಮಾಡುವ ಕೋಡ್ ತುಣುಕುಗಳನ್ನು) ಕೈಯಾರೆ ಬರೆಯಬೇಕಾಗಿಯೂ ಇರಲಿಲ್ಲ. ರೈಲ್ಸ್‌ನಲ್ಲಿ ‘ಸಿಆಟರ್ ಆಕ್ಸೆಸರ್’ ಎಂದು ಒಂದು ಸಾಲು ಬರೆದರೆ ಎರಡೂ ಹುಟ್ಟಿಕೊಳ್ಳುತ್ತವೆ; ಇಂಥ ಮೆಥಡ್‌ಗಳಿಗೇ ಆಕ್ಸೆಸರ್ ಎನ್ನುವುದು. ಮೂಲ ಕ್ಲಾಸಿನಲ್ಲಿ ದರ 5. ರೆಸ್ಟೋರೆಂಟುಗಳಿಗೆ 2017ರ ನವೆಂಬರ್ 15ರಿಂದ ಇರುವ ಜಿಎಸ್‌ಟಿ ದರ ಅದು. ಹಲವು ವರ್ಷ ಅದರ ತಂಟೆಗೆ ಯಾರೂ ಹೋಗಲಿಲ್ಲ.

ಆಮೇಲೆ ಒಂದು ದೊಡ್ಡ ಹೋಟೆಲ್ ಗ್ರಾಹಕರಾಗಿ ಬಂತು. ಕೋಣೆ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುವ ಹೋಟೆಲಿನ ಒಳಗಿರುವ ರೆಸ್ಟೋರೆಂಟಿಗೆ ದರ ಶೇ. 18. ತಂಡದವರು ಹೊಸ ಸಬ್‌ಕ್ಲಾಸ್ ಸೇರಿಸಿ, ಅದರೊಳಗೆ ದರ 18 ಎಂದು ಬರೆದರು. ಓದಿದವರಿಗೆಲ್ಲ ಸರಿಯಾಗಿಯೇ ಕಂಡಿತು. ಎಲ್ಲ ಪರೀಕ್ಷೆಗಳೂ ಪಾಸಾದವು.

ಮರುದಿನ ಬೆಳಿಗ್ಗೆ ಬಸವನಗುಡಿಯ ಒಂದು ಗಲ್ಲಾದಿಂದ ಫೋನ್. “ಮೇಡಂ, ಎಂಬತ್ತು ರೂಪಾಯಿಯ ಮಸಾಲೆ ದೋಸೆಗೆ ತೊಂಬತ್ತನಾಲ್ಕು ರೂಪಾಯಿ ನಲವತ್ತು ಪೈಸೆ ತೋರಿಸುತ್ತಿದೆ. ನಿನ್ನೆಯವರೆಗೆ ಎಂಬತ್ತನಾಲ್ಕಿತ್ತು. ಗಿರಾಕಿಗಳು ನನ್ನನ್ನು ಬೈಯುತ್ತಿದ್ದಾರೆ.” ಲೆಕ್ಕ ಹಾಕಿದರೆ ಸರಿಯಾಗಿ ಶೇ. 18. ಆ ಬೆಳಿಗ್ಗೆ ಸರಿಯಾದ ಬಿಲ್ ಪಡೆದ ಏಕೈಕ ಗ್ರಾಹಕ ಆ ದೊಡ್ಡ ಹೋಟೆಲ್. ಹಳೆಯ ಆವೃತ್ತಿಯನ್ನು ಮರಳಿ ಹಾಕಿ ಗಲ್ಲಾಗಳನ್ನು ಸಮಾಧಾನಪಡಿಸಿದ ಮೇಲೆ ಕಾರಣ ಹುಡುಕಲು ಕುಳಿತೆವು.

ಸಿಆಟರ್ ಆಕ್ಸೆಸರ್ ಹುಟ್ಟಿಸುವ ಮೆಥಡ್‌ಗಳ ಹಿಂದೆ ಇರುವುದು ರೂಬಿಯ @@ ವೇರಿಯಬಲ್, ಅಂದರೆ ಮೌಲ್ಯವನ್ನು ಇಟ್ಟುಕೊಳ್ಳುವ ಹೆಸರಿರುವ ಜಾಗ. ಮೂಲ ಕ್ಲಾಸಿಗೂ ಅದರ ಎಲ್ಲ ಸಬ್‌ಕ್ಲಾಸ್‌ಗಳಿಗೂ ಸೇರಿ ಅದು ಇರುವುದು ಒಂದೇ; ಒಟ್ಟು ಕುಟುಂಬದ ಒಂದೇ ಗಲ್ಲಾಪೆಟ್ಟಿಗೆ ಇದ್ದ ಹಾಗೆ. ಸಬ್‌ಕ್ಲಾಸ್‌ನಲ್ಲಿ ‘ದರ 18’ ಎಂದು ಬರೆದಾಗ ಅದು ‘ನನ್ನ ಮಟ್ಟಿಗೆ 18’ ಎಂದಾಗಲಿಲ್ಲ, ‘ಎಲ್ಲರಿಗೂ 18’ ಎಂದಾಯಿತು.

ಹಾಗಾದರೆ ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಇದು ಏಕೆ ಕಾಣಿಸಿಕೊಳ್ಳಲಿಲ್ಲ? ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ರುಚಿ ಇರುವುದು ಇಲ್ಲೇ. ಅಭಿವೃದ್ಧಿಯ ಹಂತದಲ್ಲಿ ರೈಲ್ಸ್ ಒಂದು ಕ್ಲಾಸಿನ ಹೆಸರು ಮೊದಲ ಸಲ ಬೇಕಾದಾಗ ಮಾತ್ರ ಅದರ ಕಡತವನ್ನು ಓದುತ್ತದೆ. ನಾವು ದರ್ಶಿನಿಯ ಬಿಲ್ ತೆರೆದು ನೋಡುವಾಗ ದೊಡ್ಡ ಹೋಟೆಲಿನ ಕಡತವನ್ನು ಅದು ಮುಟ್ಟಿಯೇ ಇರಲಿಲ್ಲ. ದರ 5 ಆಗಿಯೇ ಉಳಿದಿತ್ತು. ದೊಡ್ಡ ಹೋಟೆಲಿನ ಬಿಲ್ ತೆರೆದರೆ 18 ಬರುತ್ತಿತ್ತು, ಅದೂ ಸರಿ. ಎರಡನ್ನೂ ಆ ಕ್ರಮದಲ್ಲಿ ನೋಡಿದವರಿಗೆ ಎಲ್ಲವೂ ಸುಸೂತ್ರ. ನಿಜವಾದ ಸರ್ವರ್‌ನಲ್ಲಾದರೋ ರೈಲ್ಸ್ ಶುರುವಾಗುವಾಗಲೇ ಎಲ್ಲ ಕಡತಗಳನ್ನೂ ಓದಿಕೊಳ್ಳುತ್ತದೆ. ಮೊದಲ ಗಿರಾಕಿ ದೋಸೆ ಕೇಳುವ ಹೊತ್ತಿಗೆ 5 ಅಳಿದು 18 ಕುಳಿತಿತ್ತು.

ಪರಿಹಾರವೂ ಒಂದೇ ಸಾಲು: ‘ಕ್ಲಾಸ್ ಆಟ್ರಿಬ್ಯೂಟ್’. ಇದು ರೈಲ್ಸ್ 3ರಿಂದ ಇದೆ. ಸಬ್‌ಕ್ಲಾಸ್ ಏನನ್ನೂ ಹೇಳದಿದ್ದರೆ ಮೂಲ ಕ್ಲಾಸಿನ ಬೆಲೆಯೇ, ಅಂದರೆ ಅಲ್ಲಿಟ್ಟ ಮೌಲ್ಯವೇ, ಅದಕ್ಕೂ ಸಿಗುತ್ತದೆ. ಸಬ್‌ಕ್ಲಾಸ್ ತನ್ನದೊಂದು ಬೆಲೆ ಕೊಟ್ಟರೆ, ಆ ಬೆಲೆಯನ್ನು ಹಿಂತಿರುಗಿಸುವ ಹೊಸ ಮೆಥಡ್ ಆ ಸಬ್‌ಕ್ಲಾಸಿನ ಮೇಲೆಯೇ ಹುಟ್ಟುತ್ತದೆ. ಮೂಲ ಕ್ಲಾಸಿನದಕ್ಕೆ ಧಕ್ಕೆಯಿಲ್ಲ. ಹೀಗೆ ವೇರಿಯಬಲ್‌ನ ಕೆಲಸವನ್ನು ಮೆಥಡ್‌ಗೆ ವಹಿಸಿಬಿಟ್ಟರೆ ಸಾಮಾನ್ಯ ಉತ್ತರಾಧಿಕಾರದ ನಿಯಮವೇ (ಸಬ್‌ಕ್ಲಾಸ್‌ನಲ್ಲಿ ಇಲ್ಲದ್ದನ್ನು ಮೂಲ ಕ್ಲಾಸಿನಿಂದ ಪಡೆಯುವುದು) ಉಳಿದದ್ದನ್ನು ನೋಡಿಕೊಳ್ಳುತ್ತದೆ. ಪರ್ಲ್ ಎಂಬ ಹಳೆಯ ಭಾಷೆಯ ಕಾಲದಿಂದ ಬಂದ ನಮ್ಮ ಹಿರಿಯ ಸಹೋದ್ಯೋಗಿ ಇದನ್ನು ನೋಡಿ ನಕ್ಕರು. ಪರ್ಲ್‌ನ ‘ಕ್ಲಾಸ್ ಡೇಟಾ ಇನ್‌ಹೆರಿಟಬಲ್’ ಮಾಡ್ಯೂಲ್ ಮಾಡುತ್ತಿದ್ದದ್ದೂ ಇದನ್ನೇ: ಸಬ್‌ಕ್ಲಾಸ್ ಬೆಲೆ ಬದಲಿಸಿದ ಕೂಡಲೇ ಅದಕ್ಕೆ ಪ್ರತ್ಯೇಕ ಆಕ್ಸೆಸರ್ ಕೊಡುವುದು.

ಆದರೆ ಕ್ಲಾಸ್ ಆಟ್ರಿಬ್ಯೂಟ್ ಕಾಯುವುದು ಬೆಲೆ ಕೊಡುವ ಗಳಿಗೆಯನ್ನು ಮಾತ್ರ, ಬೆಲೆಯ ಒಳಗನ್ನಲ್ಲ. ನಮ್ಮ ಬಿಲ್ಲಿನ ಅಡಿಯಲ್ಲಿ ಮುದ್ರಿಸುವ ಸಾಲುಗಳ ಪಟ್ಟಿಯೂ ಹೀಗೆಯೇ ಇದೆ. ಸಬ್‌ಕ್ಲಾಸ್‌ನಲ್ಲಿ ಆ ಪಟ್ಟಿಗೆ << ಹಾಕಿ ಒಂದು ಸಾಲು ಸೇರಿಸಿದರೆ, ಸೇರುವುದು ಮೂಲ ಕ್ಲಾಸಿನ ಪಟ್ಟಿಗೇ. ದರ್ಶಿನಿಯ ಬಿಲ್ಲಿನಲ್ಲೂ ‘ವ್ಯಾಲೆ ಪಾರ್ಕಿಂಗ್ ಉಚಿತ’ ಎಂದು ಅಚ್ಚಾಗುತ್ತದೆ. += ಬಳಸಿದರೆ ಹೊಸ ಪಟ್ಟಿ ಹುಟ್ಟುತ್ತದೆ, ತೊಂದರೆಯಿಲ್ಲ. ನಾವೀಗ ಇಂಥ ಪಟ್ಟಿಗಳನ್ನು ಫ್ರೀಜ್ ಮಾಡಿಯೇ (ಬದಲಿಸಲಾಗದಂತೆ ಬೀಗ ಹಾಕಿಯೇ) ಇಡುತ್ತೇವೆ. ಯಾರಾದರೂ << ಬರೆದರೆ ರೂಬಿ ಅಲ್ಲೇ ತಕರಾರು ತೆಗೆಯುತ್ತದೆ.

ಇನ್ನೊಂದು ಬಾಗಿಲೂ ತೆರೆದೇ ಇತ್ತು. ಸಿಆಟರ್ ಆಕ್ಸೆಸರ್ ಕ್ಲಾಸಿಗಷ್ಟೇ ಅಲ್ಲ, ಅದರಿಂದ ತಯಾರಾದ ಒಂದೊಂದು ಆಬ್ಜೆಕ್ಟ್‌ಗೂ (ಇಲ್ಲಿ ಒಂದೊಂದು ಬಿಲ್ಲಿಗೂ) ಬೆಲೆ ಬದಲಿಸುವ ಮೆಥಡ್ ಕೊಡುತ್ತದೆ. ಮಾಲೀಕರ ನೆಂಟರು ಬಂದರೆಂದು ಒಂದು ಬಿಲ್ಲಿಗೆ ದರ ಸೊನ್ನೆ ಮಾಡಿದರೆ, ಊರಿನ ಎಲ್ಲ ಬಿಲ್‌ಗಳ ದರವೂ ಸೊನ್ನೆ! ‘ಇನ್‌ಸ್ಟೆನ್ಸ್ ರೈಟರ್: ಫಾಲ್ಸ್’ ಎಂದು ಬರೆದು ಆ ಬಾಗಿಲು ಮುಚ್ಚಿದೆವು. ಪೈಥಾನ್ ತಂಡದ ಹುಡುಗಿಯೊಬ್ಬಳು, “ಅಕ್ಕಾ, ನಮ್ಮಲ್ಲಿ ಇದರ ತದ್ವಿರುದ್ಧ” ಎಂದಳು. ಅವಳ ಮಾತು ನಿಜ. ಅಲ್ಲಿ ಆಬ್ಜೆಕ್ಟ್ ಮೂಲಕ ಬೆಲೆ ಕೊಟ್ಟರೆ ಕ್ಲಾಸಿನ ಬೆಲೆ ಕದಲುವುದಿಲ್ಲ; ಆ ಆಬ್ಜೆಕ್ಟ್‌ಗೆ ಸ್ವಂತದ್ದೊಂದು ಹುಟ್ಟಿ ಕ್ಲಾಸಿನದನ್ನು ಮರೆಮಾಡುತ್ತದೆ. ಜಾವಾದಲ್ಲಿ ಸಬ್‌ಕ್ಲಾಸ್ ತನ್ನ ಸ್ಟ್ಯಾಟಿಕ್ ಫೀಲ್ಡ್‌ಗೆ (ಕ್ಲಾಸಿನ ಮಟ್ಟದ ವೇರಿಯಬಲ್‌ಗೆ) ಅದೇ ಹೆಸರಿಟ್ಟರೂ ಮೂಲ ಕ್ಲಾಸಿನ ಮೆಥಡ್ ಓದುವುದು ಮೂಲದ್ದನ್ನೇ. ಒಂದು ಭಾಷೆಯ ಅಭ್ಯಾಸಬಲದಿಂದ ಇನ್ನೊಂದರಲ್ಲಿ ಬರೆಯುವವರ ಕೋಡ್ ಬಂದರೆ ನಾನು ಇಂಥ ಜಾಗಗಳನ್ನು ಎರಡು ಸಲ ಓದುತ್ತೇನೆ.

ಈಗ ತಂಡದಲ್ಲಿ ಯಾರಾದರೂ ಕ್ಲಾಸಿನ ಮಟ್ಟದ ಆಕ್ಸೆಸರ್ ಹುಟ್ಟಿಸುವ ಸಾಲು ಬರೆದರೆ ನಾನು ಕೇಳುವ ಪ್ರಶ್ನೆ ಒಂದೇ: ಈ ಬೆಲೆ ಇಡೀ ಕುಟುಂಬದ್ದೇ, ಈ ಕ್ಲಾಸಿನದು ಮಾತ್ರವೇ, ಇಲ್ಲವೇ ಸಬ್‌ಕ್ಲಾಸ್ ಬೇಡವೆನ್ನುವವರೆಗೆ ಮಾತ್ರ ಎಲ್ಲರದೇ? ಮೂರಕ್ಕೂ ಒಂದೊಂದು ಸಾಲಿನ ಪರಿಹಾರವಿದೆ. ಮೂರೂ ನೋಡಲು ಅಣ್ಣತಮ್ಮಂದಿರಂತೆ ಇರುವುದೇ ಫಜೀತಿ.

ಇಷ್ಟೆಲ್ಲ ಸರಿಪಡಿಸಿದ ಮೇಲೆ ಲೆಕ್ಕಪರಿಶೋಧಕರೊಬ್ಬರು 2017ರ ಅಕ್ಟೋಬರಿನ ಒಂದು ಹಳೆಯ ಬಿಲ್ಲನ್ನು ಮತ್ತೆ ಮುದ್ರಿಸಿ ಕೊಡಿ ಎಂದರು. ಆಗ ಎಸಿ ಇಲ್ಲದ ಹೋಟೆಲಿಗೆ ಶೇ. 12, ಎಸಿ ಇದ್ದರೆ 18. ನಮ್ಮ ಕ್ಲಾಸಿಗೆ ಗೊತ್ತಿರುವುದು ಇವತ್ತಿನ ದರ ಮಾತ್ರ. ಇನ್ನೂ ಬದುಕಿರುವ ಹಳೆಯ ಬಿಲ್ಲಿಗೆ ಅದರಿಂದ ಏನುಪಯೋಗ? ತೆರಿಗೆ ದರವನ್ನು ಕ್ಲಾಸಿನಿಂದಲೇ ಕಿತ್ತು, ಯಾವ ದಿನಾಂಕದಿಂದ ಯಾವ ದರ ಎಂಬ ಕೋಷ್ಟಕವಾಗಿ ಡೇಟಾಬೇಸ್‌ಗೆ ಹಾಕಿದೆವು. ಕ್ಲಾಸ್ ಆಟ್ರಿಬ್ಯೂಟ್‌ನಲ್ಲಿ ಈಗ ಉಳಿದಿರುವುದು ಬಿಲ್ಲಿನ ಅಡಿಸಾಲುಗಳು ಮತ್ತು ಥರ್ಮಲ್ ಕಾಗದದ ಅಗಲ: ಮೂಲ ಕ್ಲಾಸಿನಲ್ಲಿ 80 ಮಿಲಿಮೀಟರ್, ಪುಟ್ಟ ಪ್ರಿಂಟರ್ ಇಟ್ಟುಕೊಂಡ ಚಹಾ ಅಂಗಡಿಗಳ ಸಬ್‌ಕ್ಲಾಸ್‌ನಲ್ಲಿ 58.