ಸೆಬುವಿನ ಬಾಲ ಯೇಸು, ಬೊಹೋಲಿನ ಬಂಡಾಯ

ಶುಕ್ರವಾರ ಸಾಂತೊ ನಿನ್ಯೊ, ಅಂದರೆ ಬಾಲ ಯೇಸುವಿನ, ಬಸಿಲಿಕಾ ಕಡೆ ಹೋಗಬೇಡಿ, ಕಾಲಿಡೋಕೆ ಜಾಗ ಇರಲ್ಲ ಅಂತ ಹೋಟೆಲಿನವರು ಹೇಳಿದ್ದರು. ಹಾಗಾಗಿ ಬೇಕೆಂದೇ ಶುಕ್ರವಾರ ಹೋದೆವು. ಫಿಲಿಪ್ಪೀನ್ಸಿನ ಸೆಬು ನಗರದಲ್ಲಿ ನೋಡಬೇಕಾದ್ದು ಆ ಜನಸಂದಣಿಯೇ ಅಲ್ವಾ?

ಅಂಗಳದಲ್ಲಿ ಕೆಂಪು-ಹಳದಿ ಬಟ್ಟೆ ತೊಟ್ಟ ಹೆಂಗಸರು ಮೇಣದಬತ್ತಿ ಮಾರುತ್ತಿದ್ದರು. ಸುಮ್ನೆ ಮಾರುವುದಲ್ಲ. ದುಡ್ಡು ಕೊಟ್ಟು ಮನೆಯವರ ಹೆಸರು, ಕಷ್ಟ ಹೇಳಿದರೆ ಬತ್ತಿಗಳನ್ನು ಕೈಯಲ್ಲಿ ಎತ್ತಿ ಹಿಡಿದು ನಮ್ಮ ಪರವಾಗಿ ಕುಣಿಯುತ್ತಾರೆ. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ನನ್ನ ಹೆಂಡತಿ ತನ್ನ ಅಮ್ಮನ ಮಂಡಿನೋವು ಹೇಳಿಕೊಂಡಳು. ಒಬ್ಬ ಅಜ್ಜಿ ಕಣ್ಣು ಮುಚ್ಚಿ, ಬಾಯಲ್ಲೇ ಏನೋ ಹೇಳಿಕೊಳ್ಳುತ್ತಾ, ಚಪ್ಪಲಿ ನೆಲಕ್ಕೆ ಒರೆಸಿದಂತೆ ಹೆಜ್ಜೆ ಹಾಕಿದಳು. ಕೊನೆಗೆ 'ಪಿಟ್ ಸೆನ್ಯೋರ್!' ಅಂತ ಬಾಲ ಯೇಸುವನ್ನು ಕೂಗಿ ಬತ್ತಿ ನಮ್ಮ ಕೈಗಿಟ್ಟು, ಮುಂದಿನ ಗಿರಾಕಿ ಕಡೆ ತಿರುಗಿದಳು. ಜನವರಿಯ ಮೂರನೇ ಭಾನುವಾರ ಇದೇ ಹೆಜ್ಜೆಯನ್ನು ಇಡೀ ಊರು ಬೀದಿಯಲ್ಲಿ ಹಾಕುತ್ತದಂತೆ. ಅದೇ ಸಿನುಲೊಗ್ ಹಬ್ಬ.

ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಸುಮಾರು ಒಂದಡಿ ಎತ್ತರದ ಮರದ ಬಾಲ ಯೇಸು. ಮೈತುಂಬ ಜರಿ, ತಲೆಗೆ ಕಿರೀಟ. ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಬಾಲ ಯೇಸುವನ್ನು ನೋಡಿದವರಿಗೆ ಈ ರೂಪ ಹೊಸದಲ್ಲ. ಆದರೆ ಈ ಮೂರ್ತಿಯ ಕತೆ ಬೇರೆ. 1521ರ ಏಪ್ರಿಲ್‌ನಲ್ಲಿ ಸ್ಪೇನಿನ ಹಡಗುಗಳೊಂದಿಗೆ ಬಂದ ನಾವಿಕ ಮೆಗೆಲನ್ ಇಲ್ಲಿ ಶಿಲುಬೆ ನೆಟ್ಟ. ಸೆಬುವಿನ ರಾಜ ಹುಮಾಬೊನ್‌ಗೆ ಜ್ಞಾನಸ್ನಾನವಾಯಿತು, ಕಾರ್ಲೋಸ್ ಅಂತ ಹೆಸರಾಯಿತು. ರಾಣಿ ಹುವಾನಾ ಆದಳು, ಅವಳಿಗೆ ಈ ಮೂರ್ತಿ ಉಡುಗೊರೆಯಾಗಿ ಬಂತು. ಅದೇ ದಿನ ಎಂಟುನೂರು ಜನ ಕ್ರೈಸ್ತರಾದರು ಅಂತ ಹಡಗಿನಲ್ಲಿದ್ದ ಪಿಗಫೆಟ್ಟಾ ಬರೆದಿಟ್ಟಿದ್ದಾನೆ. ಒಂದೇ ದಿನಕ್ಕೆ ಅಷ್ಟು ಜನ ಏನು ಅರ್ಥಮಾಡಿಕೊಂಡರೋ! ಎರಡು ವಾರದೊಳಗೆ ಎದುರಿನ ಮಕ್ತಾನ್ ದ್ವೀಪದಲ್ಲಿ ಅಲ್ಲಿನ ನಾಯಕ ಲಾಪುಲಾಪುವಿನ ಜನ ಮೆಗೆಲನ್‌ನನ್ನು ಕೊಂದರು. ಆಮೇಲೆ ಅದೇ ಹುಮಾಬೊನ್ ಉಳಿದ ಸ್ಪೇನಿನವರನ್ನು ಊಟಕ್ಕೆ ಕರೆದು ಹಲವರನ್ನು ಮುಗಿಸಿಬಿಟ್ಟ. ಮೊದಲ ಮತಪ್ರಚಾರದ ಕತೆ ಅಲ್ಲಿಗೆ ಮುಗಿಯಿತು.

ಮೂರ್ತಿ ಮಾತ್ರ ಉಳಿಯಿತು. 1565ರಲ್ಲಿ ಸ್ಪೇನಿನ ದಂಡನಾಯಕ ಲೆಗಾಸ್ಪಿ ಬಂದು ಫಿರಂಗಿ ಹಾರಿಸಿ ಊರು ಸುಟ್ಟಾಗ, ಸುಟ್ಟ ಮನೆಯೊಂದರಲ್ಲಿ ಸಿಪಾಯಿಗೆ ಇದು ಸಿಕ್ಕಿತು. ನಡುವಿನ 44 ವರ್ಷ ಇಲ್ಲಿ ಪಾದ್ರಿಯೇ ಇರಲಿಲ್ಲ. ಜನ ಇದನ್ನು ಮಳೆಗಾಗಿ ಸಮುದ್ರದಲ್ಲಿ ಮುಳುಗಿಸಿ ಪೂಜಿಸುತ್ತಿದ್ದರು ಎನ್ನುತ್ತಾರೆ. ಲೆಗಾಸ್ಪಿ ಜೊತೆ ಬಂದ ಅಗಸ್ಟೀನಿಯನ್ ಸಂಘದ ಪಾದ್ರಿಗಳು ಮೂರ್ತಿ ಸಿಕ್ಕ ಜಾಗದಲ್ಲೇ ಇಗರ್ಜಿ ಕಟ್ಟಿಸಿದರು. ಈಗಿನ ಕಲ್ಲಿನ ಕಟ್ಟಡ 1730ರ ದಶಕದ್ದು. ಪಕ್ಕದ ಮಂಟಪದಲ್ಲಿ ಮೆಗೆಲನ್ ಶಿಲುಬೆ ಇದೆ. ಪವಾಡದ ಕಟ್ಟಿಗೆ ಅಂತ ಜನ ಚೂರು ಚೂರೇ ಕಿತ್ತೊಯ್ಯುತ್ತಿದ್ದುದರಿಂದ ಅದಕ್ಕೆ ಇನ್ನೊಂದು ಮರದ ಕವಚ ಹಾಕಿದ್ದಾರಂತೆ. ನಮಗೆ ಕಾಣುವುದು ಕವಚವೇ.

ಸೆಬುವಿನಿಂದ ಹಡಗಿನಲ್ಲಿ ಎರಡು ಗಂಟೆ, ಬೊಹೋಲ್ ದ್ವೀಪ. ತಗ್ಬಿಲಾರನ್ ಬಂದರಿನಲ್ಲಿ ಇಳಿದ ಕೂಡಲೇ ಕಣ್ಣಿಗೆ ಬೀಳುವುದು ಮೂರು ಗಾಲಿಯ ಬಾಡಿಗೆ ಗಾಡಿಗಳು, ಅವುಗಳ ಬೆನ್ನ ಮೇಲೆ ಬೈಬಲ್ ವಾಕ್ಯಗಳು. ನಾವು ಹತ್ತಿದ ಗಾಡಿಯ ಮೇಲೆ ಕೀರ್ತನೆಯ ಸಾಲು ಇತ್ತು. ಚಾಲಕ ಮಾತ್ರ ಬಾಡಿಗೆ ವಿಷಯದಲ್ಲಿ ಒಂದು ಪೆಸೊ ಬಿಡಲಿಲ್ಲ.

ಹತ್ತಿರದಲ್ಲೇ ಬಕ್ಲಾಯೋನ್. 1590ರ ದಶಕದಲ್ಲಿ ಇಬ್ಬರು ಯೇಸುಸಭೆಯ (ಜೆಸ್ವಿಟ್) ಪಾದ್ರಿಗಳು ಬಂದಿಳಿದ ಜಾಗ. 1594ರಲ್ಲಿ ಸ್ಪೇನಿನ ರಾಜ ದ್ವೀಪಗಳನ್ನು ಪಾದ್ರಿಸಂಘಗಳಿಗೆ ಹಂಚಿಬಿಟ್ಟಿದ್ದ. ಅಗಸ್ಟೀನಿಯನ್ನರು, ಫ್ರಾನ್ಸಿಸ್ಕನ್ನರು, ಯೇಸುಸಭೆಯವರು, ಡೊಮಿನಿಕನ್ನರು, ಒಬ್ಬೊಬ್ಬರಿಗೆ ಒಂದೊಂದು ಸೀಮೆ. ಅವರು ಬರುತ್ತಿದ್ದ ದಾರಿಯೂ ಸಣ್ಣದಲ್ಲ. ಸ್ಪೇನಿನಿಂದ ಮೆಕ್ಸಿಕೊ, ಅದನ್ನು ನೆಲದ ಮೇಲೆ ದಾಟಿ ಅಕಾಪುಲ್ಕೊ, ಅಲ್ಲಿಂದ ಶಾಂತಸಾಗರದ ಮೇಲೆ ತಿಂಗಳುಗಟ್ಟಲೆ ಹಡಗು.

ಇಷ್ಟು ದೂರ ಬಂದವರು ಜನರಿಗೆ ಸ್ಪ್ಯಾನಿಷ್ ಕಲಿಸಲು ಹೋಗಲಿಲ್ಲ, ತಾವೇ ಅಲ್ಲಿನ ಮಾತು ಕಲಿತರು. ನನಗೆ ಇದೇ ಇಡೀ ಕತೆಯ ಬುದ್ಧಿವಂತಿಕೆ ಅನ್ನಿಸುತ್ತದೆ. 1593ರಲ್ಲಿ ಮನಿಲಾದಲ್ಲಿ ಮರದ ಅಚ್ಚಿನಿಂದ ಮುದ್ರಿಸಿದ 'ದೊಕ್ತ್ರಿನಾ ಕ್ರಿಸ್ತಿಯಾನಾ' ಎಂಬ ಪ್ರಾರ್ಥನಾ ಪುಸ್ತಕದಲ್ಲಿ ಮನಿಲಾ ಕಡೆಯ ತಗಲೋಗ್ ಮಾತು ಅಲ್ಲಿನ ಹಳೆಯ ಬೈಬಾಯಿನ್ ಲಿಪಿಯಲ್ಲೂ ಇದೆ. ಸ್ಪ್ಯಾನಿಷ್ ಕಲಿಸಿ ಅಂತ ರಾಜನಿಂದ ಆಮೇಲೆ ಅಪ್ಪಣೆಗಳು ಬಂದವು. ಪಾದ್ರಿಗಳು ಹೆಚ್ಚಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಊರಿನವರಿಗೂ ಸರ್ಕಾರಕ್ಕೂ ನಡುವೆ ಮಾತಾಡಬಲ್ಲವರು ತಾವೇ ಆಗಿದ್ದರೆ ಅದು ಎಂಥ ಅಧಿಕಾರ ನೋಡಿ! ಜೊತೆಗೆ ಗುಡ್ಡ-ತೊರೆಗಳ ಬದಿಯಲ್ಲಿ ಚದುರಿದ್ದ ಮನೆಗಳನ್ನು ತಂದು ಇಗರ್ಜಿಯ ಗಂಟೆ ಕೇಳುವಷ್ಟು ದೂರದಲ್ಲಿ ಕೂರಿಸಿದರು. ಕಂದಾಯಕ್ಕೂ ಅನುಕೂಲ, ಪ್ರಾರ್ಥನೆಗೂ ಅನುಕೂಲ.

ಬಕ್ಲಾಯೋನಿನ ಈಗಿನ ಇಗರ್ಜಿ 1727ರದ್ದು. ಗೋಡೆಗೆ ಕೈ ಇಟ್ಟರೆ ತರಿತರಿ. ಹತ್ತಿರದಿಂದ ನೋಡಿದರೆ ಕಲ್ಲಿನಲ್ಲಿ ಹವಳದ ಸಣ್ಣ ಸಣ್ಣ ತೂತುಗಳು. ಸಮುದ್ರದಿಂದ ಹವಳದ ಕಲ್ಲು ಕಡಿದು ತಂದು, ಗಾರೆಗೆ ಮೊಟ್ಟೆಯ ಬಿಳಿಭಾಗ ಸೇರಿಸಿದರು ಅಂತ ಹೇಳುತ್ತಾರೆ. ಕೂಲಿ? ಊರಿನವರ ಬಿಟ್ಟಿ ದುಡಿಮೆ. ಉಳಿದ ಹಳದಿ ಏನಾಯಿತು ಅಂದರೆ, ಊರಿನಲ್ಲಿ ಮಾರುವ 'ಬ್ರೋವಾಸ್' ಬಿಸ್ಕತ್ತು ತೋರಿಸುತ್ತಾರೆ. ಬೆರಳುದ್ದದ, ಬಾಯಲ್ಲಿಟ್ಟರೆ ಕರಗುವ, ಸ್ವಲ್ಪ ಜಾಸ್ತಿಯೇ ಸಿಹಿ ಇರುವ ತಿಂಡಿ. ಕತೆ ನಿಜವೋ ಸುಳ್ಳೋ, ಎರಡು ಪೊಟ್ಟಣ ಕಟ್ಟಿಸಿಕೊಂಡೆವು. 2013ರ ಅಕ್ಟೋಬರ್ ಭೂಕಂಪದಲ್ಲಿ ಇಗರ್ಜಿಯ ಮುಂಭಾಗ, ಗಂಟೆಗೋಪುರ ಕುಸಿದಿದ್ದವು. ಮತ್ತೆ ಕಟ್ಟಿದ್ದಾರೆ. ಹೊಸ ಕಲ್ಲು ಎಲ್ಲಿ, ಹಳೆಯದು ಎಲ್ಲಿ ಅಂತ ಬಣ್ಣದಲ್ಲೇ ಗೊತ್ತಾಗುತ್ತದೆ.

ಬೊಹೋಲ್ ಇದನ್ನೆಲ್ಲ ತೆಪ್ಪಗೆ ಒಪ್ಪಿಕೊಂಡಿತು ಅಂದುಕೊಳ್ಳಬೇಡಿ. 1621ರಲ್ಲಿ ತಾಂಬ್ಲೊಟ್ ಎಂಬ ಹಳೆಯ ದೈವಗಳ ಪೂಜಾರಿ, ಪಾದ್ರಿಗಳ ದೇವರನ್ನು ಬಿಡಿ ಅಂತ ಕರೆ ಕೊಟ್ಟು ದಂಗೆ ಎಬ್ಬಿಸಿದ. ಇಗರ್ಜಿಗಳು ಸುಟ್ಟವು. ಸೆಬುವಿನಿಂದ ಸೈನ್ಯ ಬಂದು ಅಡಗಿಸಿತು. ಅದಾಗಿ ನೂರ ಇಪ್ಪತ್ತಕ್ಕೂ ಹೆಚ್ಚು ವರ್ಷಕ್ಕೆ, 1744ರಲ್ಲಿ, ಫ್ರಾನ್ಸಿಸ್ಕೊ ದಗೊಹೊಯ್ ಎದ್ದ. ಅವನ ಸಿಟ್ಟಿನ ಕಾರಣವೇ ಬೇರೆ. ಇನಬಂಗಾ ಎಂಬ ಊರಿನ ಪಾದ್ರಿ, ಯಾರನ್ನೋ ಹಿಡಿದು ತಾ ಅಂತ ಇವನ ತಮ್ಮನನ್ನು ಕಳಿಸಿದ್ದ. ಹೋದವನು ಕಾದಾಟದಲ್ಲಿ ಸತ್ತ. ದ್ವಂದ್ವದಲ್ಲಿ ಸತ್ತವನಿಗೆ ಕ್ರೈಸ್ತ ಮಣ್ಣು ಇಲ್ಲ ಅಂದ ಪಾದ್ರಿ. ಹೆಣ ದಿನಗಟ್ಟಲೆ ಹಾಗೇ ಬಿದ್ದಿತ್ತಂತೆ.

ತಾಂಬ್ಲೊಟ್ ಶಿಲುಬೆ ಬೇಡ ಅಂತ ಎದ್ದಿದ್ದ. ದಗೊಹೊಯ್ ಎದ್ದಿದ್ದು ತಮ್ಮನ ಗೋರಿಗೆ ಅದೇ ಶಿಲುಬೆ ಸಿಗಲಿಲ್ಲವೆಂದು. ಪ್ರಚಾರಕರ ಕೆಲಸ ಎಷ್ಟು ಆಳಕ್ಕೆ ಇಳಿದಿತ್ತು ಅಂತ ತಿಳಿಯಲು ನನಗೆ ಇದಕ್ಕಿಂತ ದೊಡ್ಡ ಲೆಕ್ಕ ಬೇಕಾಗಲಿಲ್ಲ. ಕಂದಾಯ, ಬಿಟ್ಟಿ ದುಡಿಮೆಯ ಸಿಟ್ಟೂ ಸೇರಿಕೊಂಡಿತು. ಸಾವಿರಾರು ಜನ ಗುಡ್ಡ ಸೇರಿದರು. 1768ರಲ್ಲಿ ಸ್ಪೇನ್ ಯೇಸುಸಭೆಯನ್ನೇ ಇಲ್ಲಿಂದ ಹೊರಹಾಕಿತು, ಅವರ ಜಾಗಕ್ಕೆ ರೆಕೊಲೆಕ್ಟ್ ಎಂಬ ಇನ್ನೊಂದು ಸಂಘದ ಪಾದ್ರಿಗಳು ಬಂದರು, ದಗೊಹೊಯ್ ಕೂಡ ತೀರಿಕೊಂಡ. ಬಂಡಾಯ ಮಾತ್ರ 1829ರವರೆಗೆ, 85 ವರ್ಷ, ನಡೆದೇ ಇತ್ತು.

ಶರಣಾದವರಿಗೆ ಸರ್ಕಾರ ಕ್ಷಮೆ ಕೊಟ್ಟು ಹೊಸ ಊರುಗಳಲ್ಲಿ ನೆಲೆಗೊಳಿಸಿತು. ಅದರಲ್ಲಿ ಒಂದು ಬಟುವಾನ್. ಬೊಹೋಲಿನ ಹೆಸರಾದ ಗುಡ್ಡಗಳು, ಚಾಕೊಲೇಟ್ ಹಿಲ್ಸ್, ನೋಡಲು ಹೋಗುವ ಬಸ್ಸುಗಳೆಲ್ಲ ಅದರ ಮೂಲಕವೇ ಹೋಗುತ್ತವೆ. ಹೆಚ್ಚಿನವು ನಿಲ್ಲಿಸುವುದಿಲ್ಲ. ನಮ್ಮ ಚಾಲಕ ಆ ಸೀಮೆಯವನೇ, ಕೇಳಿದ್ದಕ್ಕೆ ನಿಲ್ಲಿಸಿದ. ದಗೊಹೊಯ್ ಪಾದ್ರಿಗಳ ವಿರುದ್ಧ ಇದ್ದನಲ್ವಾ ಅಂತ ಕೇಳಿದೆ. 'ಒಬ್ಬ ಪಾದ್ರಿಯ ವಿರುದ್ಧ' ಅಂತ ತಿದ್ದಿದ. ಆಮೇಲೆ ಗಾಡಿ ಹತ್ತಿ ಕೂತು, ಮಳೆ ಬರುವ ಮೊದಲು ಗುಡ್ಡ ಹತ್ತಬೇಕು, ಬೇಗ ಬನ್ನಿ ಅಂತ ಅವಸರ ಮಾಡಿದ.