ಆರು ವಯಲ್

2024 ಜುಲೈ 18, ಗುರುವಾರ. ಹುಬ್ಬಳ್ಳಿ

ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ಛತ್ರಿ ಮಡಚಿ ಫಾರ್ಮಸಿ ಒಳಗೆ ಕಾಲಿಡುವಷ್ಟರಲ್ಲಿ ಫಂಗಸ್ ಕೊಲ್ಲುವ ಔಷಧ ಬೇಕೆಂದು ವಾರ್ಡಿನ ಚೀಟಿ ಬಂದಿತ್ತು. 'ಆಂಫೊಟೆರಿಸಿನ್ ಬಿ, 300 ಮಿ.ಗ್ರಾಂ, ಐ.ವಿ.' ಅಷ್ಟೇ. ಹೊಸದಾಗಿ ಸೇರಿದ ಹುಡುಗ ಫ್ರಿಜ್ ತೆಗೆದು 50 ಮಿ.ಗ್ರಾಂನ ಆರು ವಯಲ್, ಅಂದರೆ ಔಷಧದ ಪುಟ್ಟ ಸೀಸೆ, ಟ್ರೇಯಲ್ಲಿ ಜೋಡಿಸಿಯೂ ಆಗಿತ್ತು. ಲೆಕ್ಕ ಸರಿಯಿತ್ತು. ಆದರೆ ತೆಗೆದದ್ದು ಹಳೇ ಬಗೆಯದು, ಕೊಬ್ಬಿನ ಅತಿಸಣ್ಣ ಗುಂಡುಗಳಲ್ಲಿ ಔಷಧ ಸೇರಿಸಿದ ಲೈಪೊಸೋಮಲ್ ಅಲ್ಲ.

"ಎರಡೂ ಒಂದ ಔಷಧ ಅಲ್ರೀ ಮೇಡಂ?" ಅಂದ.

ಒಂದೇ. ಫಜೀತಿ ಇರುವುದೇ ಅಲ್ಲಿ. ರೋಗಿ ಕಪ್ಪು ಫಂಗಸ್ಸಿನವರು, ಸಕ್ಕರೆ ಕಾಯಿಲೆ ಬೇರೆ, ತೂಕ 60 ಕಿಲೊ. ಲೈಪೊಸೋಮಲ್ ಆದರೆ ಕಿಲೊಗೆ 5 ಮಿ.ಗ್ರಾಂ, ಅಂದರೆ 300. ಹಳೆಯದಾದರೆ ಕಿಲೊಗೆ 1, ಏನೇ ಆದರೂ ಒಂದೂವರೆ ದಾಟುವಂತಿಲ್ಲ. ಆ ಆರು ವಯಲ್ ಮೈಗೆ ಹೋಗಿದ್ದರೆ ಹೃದಯವೇ ನಿಲ್ಲಬಹುದಿತ್ತು. ವಾರ್ಡಿಗೆ ಫೋನ್ ಮಾಡಿ, ಡಾಕ್ಟರ ಕೈಯಲ್ಲಿ 'ಲೈಪೊಸೋಮಲ್' ಅಂತ ಬರೆಸಿ, ಸಹಿ ಹಾಕಿಸಿದೆ. ಕೈ ನಡುಗಿದ್ದು ಆಮೇಲೆ, ಚಹಾದ ಲೋಟ ಹಿಡಿದಾಗ.

ಹುಡುಗನ ಮುಖ ಬಾಡಿತ್ತು. ಬೈಯಲು ಮನಸ್ಸಾಗಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತಾಗ ಹೋಳಿಗೆ ಲೆಕ್ಕದಲ್ಲಿ ಹೇಳಿದೆ: ಔಷಧ ಹೂರಣ, ಕೊಬ್ಬು ಕಣಕ. ಹೇಳಿ ಮುಗಿಸುವಷ್ಟರಲ್ಲೇ ನಾನು ಹೇಳಿದ್ದು ತಪ್ಪು ಅನ್ನಿಸಿತು. ಕ್ಯಾನ್ಸರಿನ ಡಾಕ್ಸೊರೂಬಿಸಿನ್‌ಗೆ ಅದು ಒಪ್ಪುತ್ತದೆ. 1995ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ಆ ಲೈಪೊಸೋಮಿನಲ್ಲಿ ಔಷಧ ನಿಜಕ್ಕೂ ಒಳಗಿನ ನೀರಿನಲ್ಲಿ ಹರಳುಗಟ್ಟಿ ಕೂತಿರುತ್ತದೆ. ಆಂಫೊಟೆರಿಸಿನ್ ನೀರಿಗೆ ಒಗ್ಗದ ಜಾತಿ. ಅದು ಕೊಬ್ಬಿನ ಪದರದಲ್ಲೇ, ಸೋಯಾದಿಂದ ತೆಗೆದ ಲೆಸಿಥಿನ್ ಎಂಬ ಕೊಬ್ಬು ಮತ್ತು ಕೊಲೆಸ್ಟರಾಲ್ ನಡುವೆ ಸಿಕ್ಕಿಕೊಂಡಿರುತ್ತದೆ. ಕಣಕದೊಳಗೇ ನಾದಿದ ಎಣ್ಣೆಯ ಹಾಗೆ. ಇಡೀ ಗುಂಡು 100 ನ್ಯಾನೊಮೀಟರ್‌ಗಿಂತ ಸಣ್ಣದು, ಹೆಚ್ಚುಕಡಿಮೆ ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲು.

ಈ ಔಷಧದ ಕೆಲಸ ಫಂಗಸ್ಸಿನ ಪೊರೆಗೆ ತೂತು ಹಾಕುವುದು. ಅಲ್ಲಿ ಅದು ಹಿಡಿಯುವುದು ಆ ಪೊರೆಯ ಕೊಬ್ಬಾದ ಎರ್ಗೊಸ್ಟೆರಾಲನ್ನು. ನಮ್ಮ ಜೀವಕೋಶದ ಕೊಲೆಸ್ಟರಾಲ್ ಅದರ ದಾಯಾದಿ, ಹಾಗಾಗಿ ಏಟು ಕಿಡ್ನಿಗೂ ಬೀಳುತ್ತದೆ. ಲೈಪೊಸೋಮಿನಲ್ಲಿ ಸಿಕ್ಕಿಕೊಂಡಿದ್ದಾಗ ಅದು ನಮ್ಮ ಕೋಶಗಳ ಗೋಜಿಗೆ ಅಷ್ಟಾಗಿ ಹೋಗುವುದಿಲ್ಲ. ಗುಂಡು ಫಂಗಸ್ಸಿನ ಗೋಡೆಗೆ ಅಂಟಿಕೊಂಡ ಮೇಲೆ ಅಲ್ಲಿಗೆ ದಾಟುತ್ತದೆ. ಐದು ಪಟ್ಟು ಕೊಟ್ಟರೂ ಮೈ ತಡೆದುಕೊಳ್ಳುವುದು ಅದಕ್ಕೇ. ಪೂರ್ತಿ ನಿರಪಾಯ ಅಂತಲ್ಲ, ರಕ್ತದಲ್ಲಿ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್, ಜೊತೆಗೆ ಪೊಟ್ಯಾಸಿಯಂ ನೋಡುತ್ತಲೇ ಇರಬೇಕು.

ಕೊಬ್ಬಿನ ಬದಲು ಪ್ಲಾಸ್ಟಿಕ್ ಗುಂಡೂ ಮಾಡ್ತಾರಂತಲ್ಲ ಅಂತ ಕೇಳಿದ. ತನ್ನಷ್ಟಕ್ಕೆ ಕರಗುವ ಹೊಲಿಗೆಯ ದಾರ ನೋಡಿದ್ದೀಯಲ್ಲ, ಅದೇ ವಂಶದ ಪಾಲಿಮರ್, ಪಿಎಲ್‌ಜಿಎ, ಅಂದೆ. ಮೈಯಲ್ಲಿ ಲ್ಯಾಕ್ಟಿಕ್, ಗ್ಲೈಕೋಲಿಕ್ ಆಮ್ಲವಾಗಿ ಒಡೆಯುತ್ತದೆ, ಔಷಧವನ್ನು ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಬಿಡುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ತಿಂಗಳಿಗೊಮ್ಮೆ ಕೊಡುವ ಲ್ಯೂಪ್ರೊಲೈಡ್ ಇಂಜೆಕ್ಷನ್ನಿನಲ್ಲಿ ಇರುವುದು ಅದೇ, ಆದರೆ ಆ ಗುಂಡುಗಳು ನ್ಯಾನೊ ಅಲ್ಲ, ಮೈಕ್ರೊ. ಅಷ್ಟರಲ್ಲಿ ಕೌಂಟರಿನಲ್ಲಿ ಯಾರೋ ಕೂಗಿದರು.

ರೋಗಿಯ ಅಣ್ಣ. "ಯವ್ವಾ, ಇದು ಇಷ್ಟ್ಯಾಕ ತುಟ್ಟಿ?" ಅಂದರು. ಈ ಪ್ರಶ್ನೆ ಕೇಳಿದಾಗಲೆಲ್ಲ 2021ರ ಮೇ, ಕೋವಿಡ್ ಹಿಂದೆಯೇ ಕಪ್ಪು ಫಂಗಸ್ ಹಬ್ಬಿದ ತಿಂಗಳು, ನೆನಪಾಗುತ್ತದೆ. ಆಗ ರೇಟು ಕೇಳುವವರೇ ಇರಲಿಲ್ಲ, ಸಿಕ್ಕರೆ ಸಾಕಿತ್ತು. ದಿನಕ್ಕೆ ಆರು ಬೇಕಾದವರಿಗೆ ಎರಡು ಕೊಟ್ಟು ಕಳಿಸಿದ್ದೇನೆ. ಸಿಗದಿದ್ದಾಗ ಹಳೆಯದನ್ನೇ, ಬೇರೆಯಾಗಿ ಸಲೈನ್ ಕೊಟ್ಟು ಕಿಡ್ನಿ ಕಾಯುತ್ತ, ಹಾಕಿದ್ದರು. ಚಳಿಜ್ವರದಲ್ಲಿ ಮಂಚವೇ ಅಲ್ಲಾಡುತ್ತಿತ್ತು. ಅದರಿಂದಲೂ ಬದುಕಿದವರಿದ್ದಾರೆ, ಹಳೆಯದನ್ನು ಸುಮ್ಮನೆ ಬೈಯಲಾರೆ.

ಲೈಪೊಸೋಮಲ್ ವಯಲ್‌ಗಳನ್ನು ಹುಡುಗನ ಕೈಯಿಂದಲೇ ಕಲಸಿಸಿದೆ. ಒಂದೊಂದಕ್ಕೆ 12 ಎಂ.ಎಲ್. ಇಂಜೆಕ್ಷನ್ ನೀರು, ಅರ್ಧ ನಿಮಿಷ ಜೋರಾಗಿ ಕುಲುಕು, ಹಳದಿ ದ್ರವವನ್ನು 5 ಮೈಕ್ರಾನ್ ಫಿಲ್ಟರಿನಿಂದ ಡೆಕ್ಸ್‌ಟ್ರೋಸ್ ಬಾಟಲಿಗೆ ಇಳಿಸು. ಇದಕ್ಕೆ ಸಲೈನ್ ಬೆರೆಸಕೂಡದು, ಔಷಧ ಗರಣೆಗಟ್ಟುತ್ತದೆ. ಅವನು ಆರನ್ನೂ ಬಾಯಿಬಿಟ್ಟು ಎಣಿಸಿದ.

ಸಂಜೆ ಹೊರಡುವಾಗ ನೋಡಿದರೆ ಹಳೇ ವಯಲ್‌ಗಳು ಫ್ರಿಜ್ಜಿನ ತೀರಾ ಕೆಳಗಿನ ಅರೆಗೆ ಹೋಗಿವೆ. ಡಬ್ಬಿಯ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ: 'ಲೈಪೊಸೋಮಲ್ ಅಲ್ಲ. ಕೇಳಿ ತಗೀರಿ.' 'ಅಲ್ಲ'ದ ಕೆಳಗೆ ಮೂರು ಗೆರೆ.