ಜಿನೀವಾದಲ್ಲಿ ಅಮೀನ ಇದಾನಾ?

ಭಾನುವಾರ ತಿಪಟೂರಿನಲ್ಲಿ ಊಟಕ್ಕೆ ಕೂತಾಗ ಚಿಕ್ಕಪ್ಪ ಕೇಳಿದ್ದು ಇದನ್ನೇ. ಮುದ್ದೆ ಮುರಿದ ಕೈ ಸಾರಿನ ಮೇಲೆ ಹಾಗೇ ನಿಂತಿತ್ತು. "ಅಲ್ಲ ಕಣಮ್ಮ, ಅಷ್ಟು ದೇಶ ಸೇರಿ ಒಪ್ಪಂದ ಬರ್ಕೊಂಡ್ರು, ಸರಿ. ಮುರಿದೋನ ಬಾಗಿಲಿಗೆ ಹೋಗೋಕೆ ಜಿನೀವಾದಲ್ಲಿ ಅಮೀನ ಇದಾನಾ?"

ಮೂವತ್ತು ವರ್ಷ ವಕೀಲರ ಗುಮಾಸ್ತನಾಗಿದ್ದವರು. ಡಿಕ್ರಿ ಆದದ್ದಕ್ಕೆ ಸಿಹಿ ಹಂಚುವ ಕಕ್ಷಿದಾರರನ್ನು ಕಂಡರೆ ಅವರಿಗೆ ಅಯ್ಯೋ ಅನ್ನಿಸುತ್ತದೆ. ಡಿಕ್ರಿ ಜಾರಿಗೆ ಅಮಲ್ಜಾರಿ ಅರ್ಜಿ ಹಾಕಿ, ಕೋರ್ಟಿನ ಆದೇಶ ಜಾರಿ ಮಾಡುವ ಅಮೀನ ವಾರಂಟ್ ಹಿಡಿದು ಹೊರಟಾಗಲೇ ಕೇಸು ಶುರುವಾಗೋದು ಅನ್ನುತ್ತಾರೆ.

ನಾನೋ ಎಲ್‌ಎಲ್‌ಎಂ ಹುಡುಗಿ. ವಿಶ್ವಸಂಸ್ಥೆಯ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆ, ಅದರ ಪಾಲನೆ ನೋಡಲು ಜಿನೀವಾದಲ್ಲಿ ಕೂರುವ 18 ಜನರ ಮಾನವ ಹಕ್ಕುಗಳ ಸಮಿತಿ, ದೇಶಗಳು ಕೊಡಬೇಕಾದ ವರದಿ, ಎಲ್ಲ ಒಪ್ಪಿಸಿದೆ. ನಮ್ಮ ದೇಶ 1979ರಲ್ಲೇ ಸೇರಿದೆ, ಆದರೆ ವ್ಯಕ್ತಿಗಳ ದೂರಿಗೆ ದಾರಿ ಕೊಡುವ ಐಚ್ಛಿಕ ಪ್ರೋಟೋಕಾಲ್ ಒಪ್ಪಿಲ್ಲ, ಹಾಗಾಗಿ ನಾವು ನೀವು ಆ ಸಮಿತಿಗೆ ದೂರು ಕೊಡುವ ಹಾಗಿಲ್ಲ ಅಂದೆ. 1997ರಲ್ಲಿ ನಮ್ಮ ವರದಿ ಪರಿಶೀಲಿಸಿದವರು ಮತ್ತೆ ಕೂತದ್ದು 2024ರಲ್ಲಿ ಅಂದಾಗ ಚಿಕ್ಕಪ್ಪನ ಮುಖ ಅರಳಿತು.

"ಇಪ್ಪತ್ತೇಳು ವರ್ಷ ವಾಯಿದೆನಾ! ನಮ್ಮ ಕೋರ್ಟೇ ವಾಸಿ ಬಿಡು."

ಬುಧವಾರ ಸೆಮಿನಾರಿನಲ್ಲಿ ಪರಿಹಾರದ ಹಕ್ಕಿನ ಚರ್ಚೆ. ಜಿನೀವಾಕ್ಕೆ ಇಂಟರ್ನ್ ಆಗಿ ಹೋಗಿಬಂದ ಸಹಪಾಠಿಯೊಬ್ಬ (ಬುದ್ಧಿವಂತ, ಆದರೆ ಪ್ರತಿ ಮಾತಿಗೂ ಆ ಸರೋವರವನ್ನು ಎಳೆದು ತರುತ್ತಾನೆ) ಸಮಿತಿಯ ಅಭಿಪ್ರಾಯಕ್ಕೆ ನೈತಿಕ ತೂಕವಿದೆ ಎನ್ನುತ್ತಿದ್ದ. ತಡೆಯಲಾಗಲಿಲ್ಲ, "ಅಮೀನ ಇದಾನಾ?" ಅಂದುಬಿಟ್ಟೆ. ಕನ್ನಡದವರು ನಾಲ್ವರು ನಕ್ಕರು. ಮೇಡಂ ಕನ್ನಡದವರಲ್ಲ, ಅರ್ಥ ಕೇಳಿ ತಿಳಿದುಕೊಂಡು ಅವರೂ ನಕ್ಕರು. ಆಮೇಲೆ "ಹಾಗಾದರೆ ರುದುಲ್ ಶಾ ಓದು" ಅಂದರು.

ಓದಿದ್ದೆ, ಪರೀಕ್ಷೆಗೆ. ಕಾನೂನುಬಾಹಿರ ಬಂಧನಕ್ಕೆ ಪರಿಹಾರ ಕೊಡಬೇಕೆನ್ನುವ, ಒಡಂಬಡಿಕೆಯ 9(5)ನೇ ವಿಧಿಗೆ ಭಾರತ ಸೇರುವಾಗಲೇ ತಕರಾರು ಬರೆದಿತ್ತು, 1983ರಲ್ಲಿ ಸುಪ್ರೀಂ ಕೋರ್ಟ್ ಈ ಕೇಸಿನಲ್ಲಿ 35,000 ರೂಪಾಯಿ ಕೊಡಿಸಿತು: ನನ್ನ ನೋಟ್ಸಿನಲ್ಲಿ ಇದ್ದದ್ದು ಅಷ್ಟೇ. ಆ ರಾತ್ರಿ ತಾರೀಖು ನೋಡಿದೆ. ಬಿಹಾರದ ಮುಜಫ್ಫರಪುರದ ಸೆಷನ್ಸ್ ಕೋರ್ಟ್ ರುದುಲ್ ಶಾನನ್ನು ಖುಲಾಸೆ ಮಾಡಿದ್ದು 1968ರ ಜೂನ್ 3. ಜೈಲಿನಿಂದ ಬಿಟ್ಟದ್ದು 1982ರ ಅಕ್ಟೋಬರ್ 16. ನಿರಪರಾಧಿ ಅಂತ ಆದೇಶ ಇತ್ತು, ಕೋರ್ಟ್ ಇತ್ತು, ಅಮೀನರೂ ಪೊಲೀಸರೂ ಇದ್ದರು. ಹದಿನಾಲ್ಕು ವರ್ಷ ಆತ ಒಳಗೇ ಇದ್ದ. ಕೇಳಿದ್ದಕ್ಕೆ ಸರ್ಕಾರ ಕೊಟ್ಟ ಕಾರಣ, ಆತನಿಗೆ ಹುಚ್ಚಿತ್ತು ಅಂತ. ಕೋರ್ಟ್ ಅದನ್ನು ನಂಬಲಿಲ್ಲ.

ಜಿನೀವಾವನ್ನು ನೋಡಿ ನಕ್ಕಿದ್ದೆನಲ್ಲ, ಆ ನಗು ಗಂಟಲಲ್ಲಿ ಸಿಕ್ಕಿಕೊಂಡಿತು.

ನಿನ್ನೆ ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳಿದೆ. ಜೋಕು ಬರುತ್ತದೆ ಅಂದುಕೊಂಡಿದ್ದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಗುಮಾಸ್ತನ ದನಿಯಲ್ಲೇ ಕೇಳಿದರು:

"ಆ ಬಿಡುಗಡೆ ಕಾಗದ ಯಾರ ಮೇಜಿನ ಮೇಲಿತ್ತಂತೆ?"

ತೀರ್ಪನ್ನು ಮತ್ತೆ ತೆಗೆದಿಟ್ಟುಕೊಂಡು ಕೂತಿದ್ದೇನೆ.